ಮಡಕೆ ಇನ್ನೂ ಕಟ್ಟಬೇಡ ಮಾರಾಯಾ

ಕಾರವಾರ
ಶ್ರಾವಣದ ಒಂದು ಸಂಜೆ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೋ ನಿನ್ನೆ ರಾತ್ರಿಯೇ ನೋಡಿದೆ. ಒಂದು ಹಸಿರು, ಒಂದು ನೀಲಿ ಬಡ್ಜಿ, ಅದೇ ಅಂಗಡಿಯವರು ಲವ್ ಬರ್ಡ್ಸ್ ಅನ್ನುವ ಪುಟ್ಟ ಹಕ್ಕಿ, ಪಕ್ಕದಲ್ಲಿ ಬಾಯಿ ತುಂಬ ನಗುತ್ತಿರುವ ನಿನ್ನ ಪುಟ್ಟಿ. ಕೆಳಗೆ ನಿನ್ನದೊಂದು ಸಾಲು: "ಜೋಡಿ ತಂದೆ, ಮಡಕೆನೂ ತಂದೆ. ಚೌತಿಗೆ ಮರಿ ಆಗ್ತದಾ?" ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ, ಹೊಸದಾಗಿ ಹಕ್ಕಿ ತಂದ ಬೇರೆಯವರಿಗೂ ಉಪಯೋಗಕ್ಕೆ ಬಂದೀತು.

ಗೂಡಿಗೆಂದು ತಂದ ಆ ಮಡಕೆ ಇನ್ನೂ ಕಟ್ಟಬೇಡ. ಕಟ್ಟಿ ಆಗಿದ್ದರೆ ಈಗಲೇ ಇಳಿಸಿ ಅಟ್ಟದ ಮೇಲಿಡು.

ಬಡ್ಜಿ ಮಲಗುವುದು ಕೋಲಿನ ಮೇಲೆ. ಅದಕ್ಕೆ ಮನೆ ಅಂತ ಬೇರೆ ಏನೂ ಬೇಡ. ಒಳಗೆ ಕತ್ತಲಿರುವ ಗೂಡು ಕಂಡರೆ ಹೆಣ್ಣಿನ ತಲೆಯಲ್ಲಿ ಬರುವುದು ಒಂದೇ, ಮೊಟ್ಟೆ. ಅದು ಆಸ್ಟ್ರೇಲಿಯಾದ ಒಣ ಬಯಲಿನ ಹಕ್ಕಿ. ಅಲ್ಲಿ ಮಳೆ ಬಿದ್ದು ಹುಲ್ಲು ಕಾಳು ಕಟ್ಟಿದಾಗ ಹಿಂಡು ಹಿಂಡಾಗಿ ಬಂದು ಮರದ ಪೊಟರೆಗಳಲ್ಲಿ ಮೊಟ್ಟೆ ಇಡುತ್ತವೆ. ನಾವು ಕಟ್ಟುವ ಮಡಕೆ ಆ ಪೊಟರೆಯ ಬದಲಿಗೆ. ಹಾಗಾಗಿ ಅದನ್ನು ಯಾವತ್ತು ಕಟ್ಟಬೇಕು ಅನ್ನುವುದು ನಮ್ಮ ಕೈಯಲ್ಲಿದೆ. ಹಕ್ಕಿ ತಡೆಯುವುದಿಲ್ಲ, ನಾವು ತಡೆಯಬೇಕು.

ಇದನ್ನು ನಾನು ಕಲಿತದ್ದು ಒಂದು ಜೀವ ಕಳೆದುಕೊಂಡು. ನಿನಗೆ ಇದುವರೆಗೆ ಹೇಳಿರಲಿಲ್ಲ. ನನ್ನ ಮೊದಲ ಜೋಡಿ ತಂದದ್ದು ಜೂನ್ ತಿಂಗಳಲ್ಲಿ. ತಂದ ದಿನವೇ ಮಡಕೆ ಕಟ್ಟಿದೆ. ಹೆಣ್ಣಿಗೆ ಆರೇಳು ತಿಂಗಳು ಇದ್ದಿರಬೇಕು, ಮರಿಗಳ ಹಣೆಯ ಮೇಲಿರುವ ಗೆರೆ ಹೋಗಿ ಕೆಲವು ತಿಂಗಳಷ್ಟೇ ಆಗಿತ್ತು. ಹೊರಗೆ ಜಡಿಮಳೆ, ಗೋಡೆಯೆಲ್ಲ ತಂಡಿ. ಹದಿನೈದು ದಿನದಲ್ಲಿ ಮಡಕೆಯೊಳಗೆ ಹೋಗಿ ಕೂರತೊಡಗಿತು. ನಮಗೆಲ್ಲ ಸಂಭ್ರಮ. ಒಂದು ಬೆಳಿಗ್ಗೆ ನೋಡಿದರೆ ಪಂಜರದ ನೆಲದಲ್ಲಿ ಪುಕ್ಕ ಉಬ್ಬಿಸಿಕೊಂಡು ಕೂತಿದೆ. ಕಣ್ಣು ಅರ್ಧ ಮುಚ್ಚಿದೆ. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದೆ. ಆಯಿ ಕೈಗೆತ್ತಿಕೊಂಡು ಹೊಟ್ಟೆ ಮುಟ್ಟಿ, "ಮೊಟ್ಟೆ ಸಿಕ್ಕಿಕೊಂಡಿದೆ ಮಗಾ" ಅಂದಳು. ನಾನು ಡಾಕ್ಟರನ್ನು ಹುಡುಕಿಕೊಂಡು ಮಳೆಯಲ್ಲಿ ಓಡಾಡಿದೆ. ತಿರುಗಿ ಬರುವಷ್ಟರಲ್ಲಿ ಆಯಿಯ ಸೆರಗಿನಲ್ಲೇ ಜೀವ ಬಿಟ್ಟಿತ್ತು.

ಎಳೆ ಹೆಣ್ಣು, ತಂಡಿ, ಮೈಯಲ್ಲಿ ಸುಣ್ಣದಂಶದ ಕೊರತೆ. ಮೂರೂ ಸೇರಿದರೆ ಹೀಗಾಗುತ್ತದೆ. ಲೆಕ್ಕ ಹಾಕಿ ನೋಡು. ಹಕ್ಕಿಯ ತೂಕ ಸುಮಾರು 35 ಗ್ರಾಂ. ಮೊಟ್ಟೆ ಒಂದು 2 ಗ್ರಾಂ ಇರುತ್ತದೆ. ದಿನ ಬಿಟ್ಟು ದಿನ ಐದಾರು ಮೊಟ್ಟೆ ಇಡುತ್ತದೆ. ಅಂದರೆ ಹನ್ನೆರಡು ದಿನದಲ್ಲಿ ತನ್ನ ಮೈತೂಕದ ಮೂರನೇ ಒಂದು ಪಾಲು ಹೊರಗೆ ಹಾಕುತ್ತದೆ. ಪೂರ್ತಿ ಬೆಳೆಯದ ಹಕ್ಕಿಯ ಮೈಗೆ ಅದು ತಡೆಯುವುದಿಲ್ಲ. ಒಂದು ವರ್ಷ ತುಂಬುವ ತನಕ ಯಾವ ಹೆಣ್ಣಿಗೂ ಮಡಕೆ ತೋರಿಸಬಾರದು. ನಾನು ಈಗ ಹಾಗೇ ಮಾಡುತ್ತೇನೆ.

ಇನ್ನು ನಿನ್ನ ಜೋಡಿಯ ವಿಷಯ. ಬೇಜಾರು ಮಾಡಿಕೊಳ್ಳಬೇಡ, ಅದು ಜೋಡಿ ಹೌದೋ ಅಲ್ಲವೋ ಅಂತ ನನಗೆ ಅನುಮಾನ. ಫೋಟೋ ದೊಡ್ಡದು ಮಾಡಿ ನೋಡಿದೆ. ಕೊಕ್ಕಿನ ಮೇಲೆ ಎರಡು ತೂತಿರುವ ಮೆತ್ತನೆಯ ಭಾಗ ಇದೆಯಲ್ಲ, ಮೂಗು, ಗಂಡು ಹೆಣ್ಣು ಗೊತ್ತಾಗುವುದು ಅಲ್ಲಿ. ಬೆಳೆದ ಗಂಡಿಗೆ ಅದು ಒಂದೇ ಸಮ ಗಾಢ ನೀಲಿ. ಬೆಳೆದ ಹೆಣ್ಣಿಗೆ ಕಂದು ಬಣ್ಣ, ಮೊಟ್ಟೆಯ ಹೊತ್ತಿಗೆ ಒರಟಾಗಿ ಗಟ್ಟಿ ಕಂದು ಆಗುತ್ತದೆ. ಎಳೆ ಹೆಣ್ಣಿನ ಮೂಗು ತಿಳಿನೀಲಿ ಇರುತ್ತದೆ, ಇಲ್ಲೇ ಎಲ್ಲರೂ ಎಡವುವುದು. ಆದರೆ ತೂತಿನ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ ಉಂಗುರ ಕಾಣುತ್ತದೆ. ನಿನ್ನ ಹಸಿರು ಹಕ್ಕಿಗೆ ಆ ಬಿಳಿ ಉಂಗುರ ಇದ್ದ ಹಾಗಿದೆ. ನೀಲಿಯದ್ದಂತೂ ಕಂದು ಮೂಗು, ಅದು ಹೆಣ್ಣೇ. ಎರಡೂ ಹೆಣ್ಣಾಗಿದ್ದು ಮಧ್ಯೆ ಒಂದು ಮಡಕೆ ಇದ್ದರೆ ಏನಾಗುತ್ತದೆ ಗೊತ್ತಾ? ಆ ಮಡಕೆಗಾಗಿ ಸಾಯುವ ತನಕವೂ ಕಚ್ಚಾಡಬಹುದು. ಬಡ್ಜಿಯಲ್ಲಿ ಗಂಡು ಪಾಪದ್ದು. ಗೂಡಿನ ಜಗಳಕ್ಕೆ ನಿಲ್ಲುವುದು ಹೆಣ್ಣು.

ಅಂಗಡಿಯವರು ಇದನ್ನೆಲ್ಲ ನೋಡಿ ಕೊಡುವುದಿಲ್ಲ. ಅವರಿಗೆ ಎರಡು ಬಣ್ಣ ಇದ್ದರೆ ಜೋಡಿ. ಹೆಸರೂ ಹಾಗೇ, ನಮ್ಮಲ್ಲಿ ಎಲ್ಲ ಕಡೆ ಬಡ್ಜಿಯನ್ನು ಲವ್ ಬರ್ಡ್ಸ್ ಅಂತಲೇ ಮಾರುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಗಿಡ್ಡ ಬಾಲದ ಬೇರೆಯೇ ಹಕ್ಕಿ. ಪುಟ್ಟಿ ಮೊದಲು ಕೇಳಿದ್ದು ಗಿಳಿಯನ್ನಂತೆ, ನೀನು ಕೊಡಿಸಲಿಲ್ಲವಂತೆ. ಒಳ್ಳೆಯದು ಮಾಡಿದೆ. ನಮ್ಮ ಊರಿನ ಗಿಳಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ತೋಟದಲ್ಲಿ ಹಾರಾಡುವ ಅದನ್ನು ಹಿಡಿದು ಕೂಡಿಹಾಕಲು ಮನಸ್ಸಾದರೂ ಹೇಗೆ ಬರುತ್ತದೆ?

ಮಡಕೆ ಯಾವಾಗ ಅಂದರೆ ದೀಪಾವಳಿ ಕಳೆದ ಮೇಲೆ. ಮಳೆಗಾಲ ನಮ್ಮ ಕಡೆಯ ಕಾಳಿಗೆ ದೊಡ್ಡ ಶತ್ರು. ನವಣೆ, ಸಜ್ಜೆ ಚೀಲದಲ್ಲೇ ತಂಡಿ ಹಿಡಿದು ಬೂಷ್ಟು ಬರುತ್ತದೆ. ಕಣ್ಣಿಗೆ ಕಾಣದಿದ್ದರೂ ಮೂಗಿಗೆ ಗೊತ್ತಾಗುತ್ತದೆ. ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡು. ಮುಗ್ಗಲು ವಾಸನೆ ಬಂದರೆ ಅದನ್ನು ಕೋಳಿಗೂ ಹಾಕಬೇಡ. ಆ ಬೂಷ್ಟಿನ ವಿಷ ಪಿತ್ತಜನಕಾಂಗವನ್ನೇ (ಲಿವರ್) ಹಾಳು ಮಾಡುತ್ತದೆ. ಮಳೆಗಾಲದಲ್ಲಿ ನಾನು ಒಂದು ವಾರಕ್ಕೆ ಬೇಕಾದಷ್ಟೇ ತಂದು, ಬಿಸಿಲು ಬಿದ್ದ ದಿನ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ. ಮರಿ ಇರುವ ಗೂಡಿಗೆ ಇಂಥ ಹೊತ್ತಿನಲ್ಲಿ ಕಾಳು ಒದಗಿಸುವುದು ಕಷ್ಟ. ನಿಮ್ಮ ಶಿರಸಿಯಲ್ಲಿ ಇನ್ನೊಂದು ಇದೆ, ಚಳಿ. ಬೆಳಗಿನ ಜಾವ ನಮ್ಮ ಕಡಲತೀರದ ಹಾಗಲ್ಲ. ಪಂಜರ ಒಳಕೋಣೆಯಲ್ಲಿರಲಿ, ರಾತ್ರಿ ಮೂರು ಬದಿಗೆ ಬಟ್ಟೆ ಹೊದಿಸು. ಅದೇ ಹೊತ್ತಿಗೆ ನಿಮ್ಮಲ್ಲಿ ಅಡಿಕೆ ಬೇಯಿಸುವ ಒಲೆ ಹತ್ತುತ್ತದೆ. ಆ ಹೊಗೆ ಪಂಜರದ ಹತ್ತಿರ ಸುಳಿಯಬಾರದು. ನಾನ್‌ಸ್ಟಿಕ್ ಬಾಣಲೆ ಸೀದ ಹೊಗೆಯಂತೂ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಅಡುಗೆಮನೆಯಿಂದ ದೂರ ಇಡು.

ಪಂಜರ ಎರಡಡಿ ಉದ್ದಕ್ಕೆ ಕಮ್ಮಿ ಬೇಡ. ಕೂರುವ ಕೋಲಿಗೆ ಪೇರಲೆ ಕೊಂಬೆ ಒಳ್ಳೆಯದು, ಅಲುಗಾಡದ ಹಾಗೆ ಬಿಗಿಯಾಗಿ ಕಟ್ಟು. ಕೋಲು ಅಲುಗಾಡಿದರೆ ಜೋಡಿ ಸರಿಯಾಗಿ ಕೂಡುವುದಿಲ್ಲ, ಮೊಟ್ಟೆಯೆಲ್ಲ ಗೊಡ್ಡು. ಒಂದು ಪಂಜರಕ್ಕೆ ಒಂದೇ ಜೋಡಿ.

ಈಗ ನನಗೆ ತುಂಬ ಇಷ್ಟದ ವಿಷಯ, ಕಡಲನೊರೆ. ಅಂದರೆ ಕಟಲ್ ಫಿಶ್ ಅನ್ನುವ ಕಡಲಜೀವಿಯ ಒಳಚಿಪ್ಪು. ಆಯುರ್ವೇದದವರು ಸಮುದ್ರಫೇನ ಅನ್ನುವುದು ಇದಕ್ಕೇ. ಪೇಟೆಯ ಅಂಗಡಿಯಲ್ಲಿ ಕಟಲ್ ಬೋನ್ ಅಂತ ಕೇಳಿದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಡುತ್ತಾರೆ. ನಮಗೆ ಟಾಗೋರ್ ಬೀಚಿನಲ್ಲಿ ಬೆಳಿಗ್ಗೆ ನಡೆದರೆ ಕಾಲಿಗೇ ಸಿಗುತ್ತದೆ. ಅಂಗೈಯುದ್ದ, ಬೆಳ್ಳಗೆ, ದೋಣಿಯ ಆಕಾರ. ಒಂದು ಬದಿ ಗಟ್ಟಿ, ಇನ್ನೊಂದು ಬದಿ ಉಗುರಲ್ಲಿ ಕೆರೆದರೆ ಸುಣ್ಣದ ಪುಡಿಯ ಹಾಗೆ ಉದುರುತ್ತದೆ. ತಂದ ಕೂಡಲೇ ಕೊಡಬಾರದು, ಉಪ್ಪು ತುಂಬಿರುತ್ತದೆ. ನಮ್ಮ ಆಯಿ ಬಕೆಟ್ಟಿನ ಸಿಹಿನೀರಿನಲ್ಲಿ ಹಾಕಿ ಮೇಲೊಂದು ತಟ್ಟೆ ಕವುಚಿ ಕಲ್ಲಿಡುತ್ತಾಳೆ, ಇಲ್ಲದಿದ್ದರೆ ತೇಲುತ್ತದೆ. ದಿನಾ ನೀರು ಬದಲು ಮಾಡಿ ಒಂದು ವಾರ ನೆನೆಸುತ್ತಾಳೆ. ಆಮೇಲೆ ನಾಲಿಗೆಗೆ ಮುಟ್ಟಿಸಿ, ಉಪ್ಪಿಲ್ಲ ಅನ್ನಿಸಿದರೆ ಮಾತ್ರ ಬಿಸಿಲಿಗೆ ಹಾಕುತ್ತಾಳೆ. ಮೆತ್ತನೆಯ ಬದಿ ಹಕ್ಕಿಯ ಕಡೆಗಿರುವ ಹಾಗೆ ಸರಿಗೆಗೆ ಕಟ್ಟು. ಮೊಟ್ಟೆಯ ದಿನಗಳಲ್ಲಿ ಹೆಣ್ಣು ಅದನ್ನು ಕಚ್ಚಿ ಕಚ್ಚಿ ಒಂದು ವಾರದಲ್ಲಿ ಅರ್ಧ ಮುಗಿಸುತ್ತದೆ. ಚಿಪ್ಪು ಕಟ್ಟುವುದು ಅದರಿಂದಲೇ.

ಇದರ ಜೊತೆಗೆ ನುಗ್ಗೆಸೊಪ್ಪು, ಕೊತ್ತಂಬರಿ ಸೊಪ್ಪು, ಮೊಳಕೆ ಬಂದ ಹೆಸರುಕಾಳು. ಬೇಯಿಸಿದ ಮೊಟ್ಟೆ ಪುಡಿ ಮಾಡಿ ವಾರಕ್ಕೆ ಎರಡು ಸಲ, ಮರಿ ಬಂದ ಮೇಲೆ ದಿನಾ. ನಿಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ ಅಂತ ಗೊತ್ತು. ಮೊಳಕೆಕಾಳು ಜಾಸ್ತಿ ಮಾಡು. ಮೊಟ್ಟೆ, ಮೊಳಕೆ ಎರಡು ಗಂಟೆಗಿಂತ ಹೆಚ್ಚು ಪಂಜರದಲ್ಲಿ ಬಿಡಬೇಡ, ಹಳಸುತ್ತದೆ.

ಮಡಕೆಯ ತಳಕ್ಕೆ ಮರದ ಹೊಟ್ಟು ಹಾಕು, ಎರಡು ಬೆರಳು ದಪ್ಪ. ಹೆಣ್ಣು ಅದನ್ನೆಲ್ಲ ಎತ್ತಿ ಹೊರಗೆ ಹಾಕಬಹುದು. ಮರಿ ಬಂದ ಮೇಲೆ ಮತ್ತೆ ಹಾಕು. ಬರೀ ನುಣುಪು ತಳ ಇದ್ದರೆ ಮರಿಯ ಕಾಲು ಕಪ್ಪೆಯ ಹಾಗೆ ಎರಡೂ ಬದಿಗೆ ಚಾಚಿ ಹಾಗೇ ನಿಂತುಬಿಡುತ್ತದೆ. ಪಂಜರದ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡು. ಒಡೆಯುತ್ತಿರುವ ಮೊಟ್ಟೆಗೆ ಇರುವೆ ಹತ್ತಿದರೆ ಒಂದೇ ರಾತ್ರಿಯಲ್ಲಿ ಎಲ್ಲ ಮುಗಿದುಹೋಗುತ್ತದೆ.

ಕಾವಿಗೆ 18 ದಿನ. ಗಂಡು ಹೊರಗಿನಿಂದ ಗುಟುಕು ತಂದು ಹೆಣ್ಣಿಗೆ ಕೊಡುತ್ತದೆ, ಹೆಣ್ಣು ಗೂಡು ಬಿಟ್ಟು ಹೊರಗೆ ಬರುವುದೇ ಕಮ್ಮಿ. ಒಂದು ವಾರ ಆದ ಮೇಲೆ ಅದು ಹೊರಗೆ ಬಂದ ಹೊತ್ತು ನೋಡಿ ಟಾರ್ಚ್ ಹಿಡಿ. ಜೀವ ಇರುವ ಮೊಟ್ಟೆಯೊಳಗೆ ಕೆಂಪು ನರ ಜೇಡರ ಬಲೆಯ ಹಾಗೆ ಕಾಣುತ್ತದೆ. ಪುಟ್ಟಿಗೆ ತೋರಿಸು, ಜನ್ಮದಲ್ಲಿ ಮರೆಯುವುದಿಲ್ಲ. ಆದರೆ ದಿನಕ್ಕೆ ಒಂದು ಸಲ ಸಾಕು. ಹುಟ್ಟಿದ ಮರಿ 2 ಗ್ರಾಂ ಕೂಡ ಇರುವುದಿಲ್ಲ, ಕಣ್ಣು ತೆರೆದಿಲ್ಲ, ಪುಕ್ಕವಿಲ್ಲ, ಅಕ್ಕಿಹುಳದ ಹಾಗೆ. ರಾತ್ರಿ ಕೋಣೆಯ ದೀಪ ಆರಿಸಿದ ಮೇಲೆ ಮಡಕೆಯೊಳಗಿಂದ ತೆಳ್ಳಗೆ ಒಂದು ಚಿಂವ್ ಕೇಳುತ್ತದೆ. ಮೊದಲನೇ ಸಲ ಅದನ್ನು ಕೇಳಿದಾಗ ಆಯಿ, ನಾನು ಇಬ್ಬರೂ ಕತ್ತಲಲ್ಲೇ ಎಷ್ಟೋ ಹೊತ್ತು ನಿಂತಿದ್ದೆವು.

ದಿನ ಬಿಟ್ಟು ದಿನ ಒಡೆಯುವುದರಿಂದ ಮೊದಲನೇದು ಮೈ ತುಂಬಿಕೊಂಡಾಗ ಕೊನೆಯದು ಆಗಷ್ಟೇ ಹುಟ್ಟಿರುತ್ತದೆ. ಆ ಕೊನೆಯದರ ಕತ್ತಿನ ಚೀಲ ನೋಡುತ್ತಿರು. ತುಂಬಿದ್ದರೆ ಚರ್ಮದ ಕೆಳಗೆ ಬೆಳ್ಳಗೆ ಕಾಣುತ್ತದೆ. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಖಾಲಿ ಇದ್ದರೆ ಅದಕ್ಕೆ ಗುಟುಕು ಸಿಗುತ್ತಿಲ್ಲ ಅಂತ ಅರ್ಥ. ದೊಡ್ಡ ಮರಿಗಳ ಹೊಟ್ಟೆ ತುಂಬಿದ ಹೊತ್ತು ನೋಡಿ ಅವನ್ನು ಹತ್ತು ನಿಮಿಷ ಬಟ್ಟೆಯಲ್ಲಿ ಬೆಚ್ಚಗೆ ತೆಗೆದಿಡು, ತಾಯಿ ಸಣ್ಣದರ ಕಡೆ ತಿರುಗುತ್ತದೆ. ಕಾಲಿಗೆ ಹಿಕ್ಕೆ ಒಣಗಿ ಅಂಟಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಬಿಡಿಸು. ಎಳೆದರೆ ಉಗುರೇ ಕಿತ್ತುಬರುತ್ತದೆ.

ಸುಮಾರು ಐದು ವಾರಕ್ಕೆ ಮರಿ ಹೊರಗೆ ಬರುತ್ತದೆ. ಅಷ್ಟರಲ್ಲಿ ಹೆಣ್ಣು ಎರಡನೇ ಸಲ ಮೊಟ್ಟೆ ಇಡಲು ಶುರು ಮಾಡಿರಬಹುದು. ಆಗ ಗೂಡಿಗೆ ವಾಪಸ್ ನುಗ್ಗುವ ಮರಿಯನ್ನು ತಾಯಿಯೇ ಕಚ್ಚಿ ಗಾಯ ಮಾಡುತ್ತದೆ. ಮರಿ ತಾನೇ ಕಾಳು ಒಡೆದು ತಿನ್ನುವುದನ್ನು ಕಣ್ಣಾರೆ ನೋಡಿ, ಆರು ವಾರದ ಹೊತ್ತಿಗೆ ಬೇರೆ ಪಂಜರಕ್ಕೆ ಹಾಕು. ಅಂದರೆ ಆ ಎರಡನೇ ಪಂಜರ ಮೊದಲೇ ತಂದಿಡಬೇಕು. ವರ್ಷಕ್ಕೆ ಎರಡು ಸಲ ಮರಿ ಸಾಕು. ಆಮೇಲೆ ಮಡಕೆ ಇಳಿಸಿ ಆರು ತಿಂಗಳು ವಿಶ್ರಾಂತಿ. ಐದೈದರಂತೆ ಹತ್ತು ಮರಿ ಆದರೆ ಯಾರ ಮನೆಗೆ ಕೊಡುತ್ತೀಯ ಅನ್ನುವುದನ್ನೂ ಈಗಲೇ ಕೇಳಿಟ್ಟುಕೋ.

ಪುಟ್ಟಿಗೆ ನೀಲಿ ಮರಿ ಬೇಕಂತೆ ಅಲ್ವಾ? ಕಾಡಿನ ಬಡ್ಜಿ ಹಸಿರು ಹಳದಿ, ನೀಲಿ ಬಂದದ್ದು ಸಾಕಿದವರ ಕೈಯಲ್ಲಿ. ಹಸಿರಿಗೆ ನೀಲಿ ಕೂಡಿಸಿದರೆ, ಹಸಿರಿನೊಳಗೆ ನೀಲಿ ಅಡಗಿರದಿದ್ದರೆ ಮರಿಯೆಲ್ಲ ಹಸಿರೇ. ಎರಡೂ ನೀಲಿಯಾದರೆ ಮರಿಗಳಲ್ಲಿ ಹಸಿರು ಬರುವುದೇ ಇಲ್ಲ.

ಅದಕ್ಕೇ ಒಂದು ಕೆಲಸ ಮಾಡು. ನಾಳೆ ಬೆಳಿಗ್ಗೆ ಪಂಜರವನ್ನು ಕಿಟಕಿಯ ಹತ್ತಿರ ಇಟ್ಟು, ಫ್ಲಾಶ್ ಇಲ್ಲದೆ ಎರಡರ ಮೂಗೂ ಕಾಣುವ ಹಾಗೆ ಫೋಟೋ ತೆಗೆದು ಕಳಿಸು. ನನ್ನ ಅನುಮಾನ ನಿಜವಾದರೆ ನಿನ್ನ ಹಸಿರು ಹೆಣ್ಣನ್ನು ನನಗೆ ಕೊಡು, ನನ್ನಲ್ಲಿ ಒಂದೂವರೆ ವರ್ಷದ ನೀಲಿ ಗಂಡಿದೆ. ತುಂಬ ಮಾತಿನದ್ದು, ದಿನವಿಡೀ ನೀರಿನ ಬಟ್ಟಲಿನ ಜೊತೆ ಮಾತಾಡುತ್ತಿರುತ್ತದೆ. ದಸರಾ ರಜೆಯಲ್ಲಿ ದೇವಿಮನೆ ಘಟ್ಟ ಹತ್ತಿ ನಾನೇ ತಂದುಕೊಡುತ್ತೇನೆ. ಬಂದ ಹಕ್ಕಿಯನ್ನು ಒಂದು ತಿಂಗಳು ಬೇರೆ ಕೋಣೆಯಲ್ಲೇ ಇಡಬೇಕು, ರೋಗ ಏನಾದರೂ ಇದ್ದರೆ ಆ ಅವಧಿಯಲ್ಲಿ ಹೊರಗೆ ಬೀಳುತ್ತದೆ. ಅದು ಮುಗಿಯುವಾಗ ದೀಪಾವಳಿಯೂ ಕಳೆದಿರುತ್ತದೆ. ಹದಿನೈದು ದಿನ ಎರಡೂ ಒಂದೇ ಪಂಜರದಲ್ಲಿ ಒಂದಕ್ಕೊಂದು ಹೊಂದಿಕೊಳ್ಳಲಿ. ಗಂಡು ಗುಟುಕು ಕೊಟ್ಟು ಹೆಣ್ಣು ತೆಗೆದುಕೊಂಡದ್ದು ಕಂಡ ದಿನ ಫೋನ್ ಮಾಡು, ಅವತ್ತು ಮಡಕೆ ಕಟ್ಟೋಣ.

ಆಯಿ ನಿನಗೆಂದೇ ಐದು ಕಡಲನೊರೆ ನೆನೆಹಾಕಿದ್ದಾಳೆ. ಇವತ್ತಿಗೆ ಮೂರನೇ ದಿನದ ನೀರು.

ನಿನ್ನ ಗೆಳೆಯ