ಪೆಂಡಲ್ಟನ್ ಗುಡ್ಡದಲ್ಲಿ ನನ್ನ ಕಾಲು ನೋಡಿದ ಡಾಕ್‌ಗೆ ಥ್ಯಾಂಕ್ಸ್

ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್ಟನ್‌ನಲ್ಲಿ ಅಮೆರಿಕದ ಮರೀನ್ ಪಡೆಯ ಇನ್‌ಫೆಂಟ್ರಿ (ಕಾಲಾಳು) ತರಬೇತಿ ಮಾಡಿದವರಿಗೆ ಅಲ್ಲಿನ ಗುಡ್ಡಗಳ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಸಮುದ್ರ ಪಕ್ಕದಲ್ಲೇ ಇದೆ, ಆದರೆ ಏರಿನಲ್ಲಿ ನೆರಳು ಸಿಗುವುದಿಲ್ಲ, ಬೆನ್ನ ಮೇಲೆ ಹೊರೆ, ಕೈಯಲ್ಲಿ ರೈಫಲ್. ಮುಂದಿನವರು ಸ್ವಲ್ಪ ಜೋರಾಗಿ ನಡೆದರೂ ಸಾಲಿನ ಕೊನೆಯಲ್ಲಿರುವವರು ಓಡಬೇಕು, ಅದೇ ದೊಡ್ಡ ಹಿಂಸೆ. ಆವತ್ತು ನನ್ನ ಹಿಮ್ಮಡಿಯ ಬೊಬ್ಬೆ ಒಡೆದು ಸಾಕ್ಸ್ ಅಂಟಿಕೊಂಡಿತ್ತು. ನಡೆಯಲಾಗದವರನ್ನು ಹತ್ತಿಸಿಕೊಳ್ಳಲು ಹಿಂದೆ ಗಾಡಿ ಬರುತ್ತಿತ್ತು. ಹತ್ತಿದರೆ ಹೈಕ್ (ಹೊರೆ ಹೊತ್ತು ನಡೆಯುವ ಈ ನಡಿಗೆ) ಫೇಲ್.

ಗಂಟೆಗೊಮ್ಮೆ ಸಿಗುವ 10 ನಿಮಿಷದ ವಿರಾಮದಲ್ಲಿ ಡಾಕ್ ಬಂದರು. ಮರೀನ್ ಪಡೆಗೆ ಸ್ವಂತ ವೈದ್ಯಕೀಯ ಸಿಬ್ಬಂದಿ ಇಲ್ಲ, ನೌಕಾಪಡೆಯ ಕಾರ್ಪ್ಸ್‌ಮನ್‌ಗಳೇ ಜೊತೆಗೆ ಬರುತ್ತಾರೆ, ಎಲ್ಲರೂ ಅವರನ್ನು ಡಾಕ್ ಅಂತಲೇ ಕರೆಯುವುದು. ಏನೂ ಕೇಳದೆ ಮಣ್ಣಲ್ಲೇ ಮಂಡಿಯೂರಿ, ನನ್ನ ನಾರುವ ಕಾಲನ್ನು (ಪಾಪ!) ತೊಡೆ ಮೇಲಿಟ್ಟುಕೊಂಡು ಒರೆಸಿ, ಪಟ್ಟಿ ಹಚ್ಚಿ, ತಮ್ಮದೇ ಬ್ಯಾಗಿನಿಂದ ಒಣ ಸಾಕ್ಸ್ ತೆಗೆದು ಹಾಕಿದರು. ಬೂಟಿನ ಲೇಸನ್ನೂ ಅವರೇ ಕಟ್ಟಿದರು. "ನೀರು ಕುಡಿ, ಏಳು." ಅಷ್ಟೇ ಮಾತು. ಅವರ ಬೆನ್ನ ಮೇಲೂ ನಮ್ಮಷ್ಟೇ ಹೊರೆ, ಜೊತೆಗೆ ಔಷಧಿ ಚೀಲ ಬೇರೆ.

ಎದ್ದು ನಿಂತೆ. ನೋವು ಇತ್ತು, ಆದರೆ ಆ ಉರಿ ಹೋಗಿತ್ತು, ಅಬ್ಬಾ ಅನ್ನಿಸಿತು. ಗಾಡಿ ಹತ್ತದೆ ಕೊನೆವರೆಗೂ ನಡೆದೆ. ಆಗ ಥ್ಯಾಂಕ್ಸ್ ಹೇಳೋಣ ಅಂತ ತಿರುಗಿದರೆ ಅವರು ಆಗಲೇ ಇನ್ನೊಬ್ಬನ ಬೂಟು ಬಿಚ್ಚುತ್ತಿದ್ದರು. ಡಾಕ್, ನಿಮಗೆ ಕನ್ನಡ ಬರುವುದಿಲ್ಲ, ಗೊತ್ತು. ಆದರೂ ಥ್ಯಾಂಕ್ಸ್.