ಹಾಲು ಬಂದ್, ಜ್ಯೂಸು ಫ್ರೀ

ಮಾನ್ಯ ಸಂಪಾದಕರೇ,

ಮುಂಬಯಿಯಲ್ಲಿ ನಮ್ಮ ಸ್ಟೇಷನ್ನಿನ ಪೂರ್ವ ಬದಿಯ ಶಾಲೆಯಲ್ಲಿ ನಡೆದ ಆರೋಗ್ಯ ಶಿಬಿರದ ವರದಿ ಸೋಮವಾರದ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಶಿಬಿರ ‘ಯಶಸ್ವಿ’ ಅಂತೆ. ಫೋಟೋ ತುಂಬ ಶಾಲು ಹೊದ್ದ ದೊಡ್ಡವರೇ, ಮೂಲೆಯಲ್ಲಿ ಇಬ್ಬರು ಮಕ್ಕಳು. ಆ ಮಕ್ಕಳ ಕೈಗೆ ಏನು ಬರೆದು ಕಳಿಸಿದರು ಅನ್ನುವುದು ಮಾತ್ರ ವರದಿಯಲ್ಲಿಲ್ಲ. ಅದನ್ನು ನಾನೇ ಹೇಳುತ್ತೇನೆ, ದಯವಿಟ್ಟು ಛಾಪಿಸಿ.

ನನ್ನ ಮಗಳಿಗೆ ಹದಿಮೂರು ವರ್ಷ, ಎಂಟನೇ ಕ್ಲಾಸು. ಅವಳ ಚೀಟಿಯಲ್ಲಿ ತೂಕದ ಅಂಕಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ. ಎತ್ತರದ ಜಾಗ ಖಾಲಿ. ಅಳೆದೇ ಇಲ್ಲ. ಕೆಳಗೆ ಗೀಚಿದ್ದು ಒಂದೇ ಸಾಲು: ‘ದೂಧ್, ದಹೀ, ಪನೀರ್ ಬಂದ್’. ಅಂದರೆ ಹಾಲು, ಮೊಸರು, ಪನೀರ್ ನಿಲ್ಲಿಸಿ ಅಂತ. ಸಹಿ ಯಾರದ್ದು ಅಂತ ಬ್ರಹ್ಮನಿಗೂ ಗೊತ್ತಾಗಲಿಕ್ಕಿಲ್ಲ. ಸಾಲದ್ದಕ್ಕೆ, ಸಾಲಿನಲ್ಲಿ ನಿಂತ ಹುಡುಗಿಯರೆಲ್ಲರ ಎದುರು ತೂಕವನ್ನು ಕೂಗಿ ಹೇಳಿದರಂತೆ, ರೇಶನ್ ಅಂಗಡಿಯಲ್ಲಿ ಅಕ್ಕಿ ತೂಗಿದ ಹಾಗೆ.

ಹಾಲು ಬಂದ್ ಮಾಡಿದವರು ಗೇಟಿನ ಹತ್ತಿರ ಏನು ಹಂಚಿದರು ಗೊತ್ತೇ? ಮಾವಿನ ಜ್ಯೂಸಿನ ಪ್ಯಾಕೆಟ್, ಪ್ರಾಯೋಜಕರ ಕೃಪೆ. ಮಗಳು ತಂದ ಪ್ಯಾಕೆಟ್ಟಿನ ಹಿಂದೆ ಕನ್ನಡಕ ಹಾಕಿಕೊಂಡು ಓದಿದೆ. ಮೊದಲು ನೀರು, ಆಮೇಲೆ ಮಾವಿನ ತಿರುಳು, ಸಕ್ಕರೆ. ಭಲೇ ಆರೋಗ್ಯ ಶಿಬಿರ!

ಅವತ್ತಿನಿಂದ ಹುಡುಗಿ ಹಾಲು ಮುಟ್ಟುತ್ತಿಲ್ಲ. ಮೊಸರನ್ನ ಇಲ್ಲ, ಮಜ್ಜಿಗೆ ಇಲ್ಲ. ‘ಪಪ್ಪಾ, ಡಾಕ್ಟರೇ ಬರೆದಿದ್ದಾರೆ’ ಅನ್ನುತ್ತಾಳೆ. ಅವಳಮ್ಮ ನನ್ನ ಮೇಲೆ ರೇಗುತ್ತಾಳೆ. ನಾನು ಯಾರ ಮೇಲೆ ರೇಗಲಿ? ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ, ಹೋಟೆಲಿನವ. ಆದರೆ ಬೆಳಗಿನ ನಾಲ್ಕಕ್ಕೆ ಹಾಲಿನ ಕ್ರೇಟು ಇಳಿಸಿಕೊಂಡೇ ಕೂದಲು ಬೆಳ್ಳಗಾಗಿದೆ. ಫುಲ್ ಕ್ರೀಮ್ ಹಾಲಿನಲ್ಲಿ ಕೊಬ್ಬು ಕಡಿಮೆಯೆಂದರೂ 6 ಪರ್ಸೆಂಟ್ ಇರಬೇಕು. ಟೋನ್ಡ್ ಹಾಲಿನಲ್ಲಿ 3, ಡಬಲ್ ಟೋನ್ಡ್‌ನಲ್ಲಿ ಒಂದೂವರೆ. ಪ್ಯಾಕೆಟ್ಟಿನ ಮೇಲೇ ಇರುತ್ತದೆ, ಓದುವವರಿಗೆ. ಕೆನೆ ತೆಗೆದರೆ ಹೋಗುವುದು ಕೊಬ್ಬು, ಕ್ಯಾಲ್ಸಿಯಂ ಹಾಲಿನಲ್ಲೇ ಉಳಿಯುತ್ತದೆ. ಹುಡುಗಿಯ ತೂಕ ನಿಜಕ್ಕೂ ಜಾಸ್ತಿ ಇದ್ದರೆ ‘ಕೆನೆ ತೆಗೆದು ಕೊಡಿ, ಸಕ್ಕರೆ ಹಾಕಬೇಡಿ’ ಅಂತ ಬರೆಯಬಹುದಿತ್ತು. ಅದಕ್ಕೇನು ಇನ್ನೊಂದು ಪೆನ್ನು ಬೇಕಿತ್ತೇ?

ನನ್ನ ನಾದಿನಿಯ ಮಗಳು ಪೋಷಣೆಯ ವಿಷಯವನ್ನೇ ಓದುತ್ತಿದ್ದಾಳೆ. ಅವಳ ಹತ್ತಿರ ಕೇಳಿದೆ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದ ಲೆಕ್ಕದಲ್ಲಿ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ಲೋಟ, ಅಂದರೆ 200 ಮಿಲಿ ಹಾಲಿನಲ್ಲಿ ಸಿಗುವುದು ಸುಮಾರು 240. ದೊಡ್ಡವರಾದ ಮೇಲೆ ನಮ್ಮ ಮೂಳೆಯಲ್ಲಿ ಇರುವ ಖನಿಜದ ಸುಮಾರು ಕಾಲು ಭಾಗ ಸೇರುವುದು ಈ ಬೆಳೆಯುವ ವಯಸ್ಸಿನ ಎರಡೇ ವರ್ಷಗಳಲ್ಲಂತೆ. ಹುಡುಗಿಯರಿಗೆ ಅದು ಹನ್ನೆರಡು ಹದಿಮೂರರ ಸುಮಾರಿಗೆ. ಸರಿಯಾಗಿ ಅದೇ ವಯಸ್ಸಿಗೆ ಹಾಲು ಬಂದ್. ರಾಗಿ ಇದೆ, ಎಳ್ಳಿದೆ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಇದೆ, ಒಪ್ಪುತ್ತೇನೆ. ಚೀಟಿಯಲ್ಲಿ ಅದಾದರೂ ಬರೆದಿದ್ದಾರಾ? ಇಲ್ಲ. ಬಂದ್ ಅಂದರೆ ಬಂದ್.

ಹಾಲಿನಿಂದ ದಪ್ಪ ಆಗುತ್ತಾರಾ ಅಂತಲೂ ಕೇಳಿದೆ. 2004ರಲ್ಲಿ ಹವಾಯಿಯಲ್ಲಿ 9ರಿಂದ 14 ವರ್ಷದ ಹುಡುಗಿಯರನ್ನು ನೋಡಿದಾಗ, ಹಾಲು ಮೊಸರಿನ ಕ್ಯಾಲ್ಸಿಯಂ ಜಾಸ್ತಿ ಸಿಕ್ಕಿದವರ ಸೊಂಟದ ಹತ್ತಿರ ಕೊಬ್ಬು ಕಡಿಮೆ ಇತ್ತು. ತೂಕ ಜಾಸ್ತಿ ಇದ್ದದ್ದು ಸೋಡಾ ಕುಡಿಯುವವರದ್ದು. ಜ್ಯೂಸಿನ ಪ್ರಾಯೋಜಕರು ಇದನ್ನು ಶಾಲು ಹೊದ್ದುಕೊಂಡೇ ಓದಲಿ. ಹಾಗಂತ ಹಾಲು ಕುಡಿದರೆ ತೆಳ್ಳಗಾಗುತ್ತೇವೆ ಅಂತಲೂ ನಾನು ಹೇಳುವುದಿಲ್ಲ. ಅಮೆರಿಕದಲ್ಲಿ ಹಾಗೆ ಜಾಹೀರಾತು ಕೊಟ್ಟವರು 2007ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅಲ್ಲಿಯದೇ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ದಿನಕ್ಕೆ ಮೂರು ಲೋಟಕ್ಕಿಂತ ಜಾಸ್ತಿ ಹಾಲು ಕುಡಿದ ಮಕ್ಕಳ ತೂಕ ಏರಿದ್ದೂ ಉಂಟು. ಹೆಚ್ಚುವರಿ ಕ್ಯಾಲೊರಿಯೇ ಕಾರಣ ಇರಬೇಕು ಅಂದರು. ನನ್ನ ಮಗಳು ಕುಡಿಯುತ್ತಿದ್ದದ್ದು ಬೆಳಿಗ್ಗೆ ಒಂದು ಲೋಟ, ಅದೂ ಬೈಸಿಕೊಂಡು.

ಎತ್ತರ ಅಳೆಯದೆ ಮಕ್ಕಳ ತೂಕ ಜಾಸ್ತಿಯೋ ಕಡಿಮೆಯೋ ಹೇಳುವುದು ಯಾವ ವಿದ್ಯೆ? ಭಾರತದ ಮಕ್ಕಳ ವೈದ್ಯರ ಸಂಘವೇ 2015ರಲ್ಲಿ ವಯಸ್ಸಿಗೆ ತಕ್ಕ ಎತ್ತರ, ತೂಕದ ಚಾರ್ಟ್ ಮಾಡಿ ಕೊಟ್ಟಿದೆ, ಹುಡುಗಿಯರದ್ದೇ ಬೇರೆ. ಶಾಲೆ ಮಕ್ಕಳನ್ನು ಪರೀಕ್ಷಿಸುವ ಸರಕಾರದ ಯೋಜನೆಯೂ ಇದೆ. ಅದು 2013ರಲ್ಲಿ ಶುರುವಾದದ್ದೇ ನಮ್ಮ ಮಗ್ಗುಲಿನ ಪಾಲ್ಘರ್‌ನಲ್ಲಿ. ಇದು ಆ ಯೋಜನೆಯ ಶಿಬಿರ ಅಲ್ಲವಂತೆ. ಹಾಗಾದರೆ ಯಾರದ್ದು?

ಇದನ್ನೇ ಕೇಳಲು ಹೋದೆ. ಶಾಲೆಯಲ್ಲಿ ‘ನಾವು ಜಾಗ ಮಾತ್ರ ಕೊಟ್ಟದ್ದು, ಪಾಲಿಕೆಯವರನ್ನು ಕೇಳಿ’ ಅಂದರು. ಪಾಲಿಕೆಯ ಆಫೀಸಿನಲ್ಲಿ ‘ನಾವು ಪರವಾನಗಿ ಮಾತ್ರ ಕೊಟ್ಟದ್ದು, ಶಾಲೆಯನ್ನು ಕೇಳಿ’ ಅಂದರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಈ ಸಾಹೇಬರು ಯಾವಾಗಲೂ ಮೀಟಿಂಗಿನಲ್ಲೇ ಇರುತ್ತಾರೆ. ಮಾರ್ಕೆಟ್ ಗಲ್ಲಿಯ ಗಟಾರದ ಮುಚ್ಚಳ ಹೋದಾಗಲೂ ಮೀಟಿಂಗು, ಟ್ಯಾಂಕರ್ ಬಾರದಿದ್ದಾಗಲೂ ಮೀಟಿಂಗು. ಆದರೆ ನನ್ನ ಹೋಟೆಲಿನ ಬೋರ್ಡು ಗೇಣುದ್ದ ಹೊರಗೆ ಬಂದರೆ ಮಾತ್ರ ಮೀಟಿಂಗು ಬಿಟ್ಟು ಓಡಿ ಬರುತ್ತಾರೆ. ಅವತ್ತು ಗಲ್ಲಾಪೆಟ್ಟಿಗೆಯಲ್ಲಿ ಭಾವನನ್ನು ಕೂರಿಸಿ ಹೋಗಿದ್ದೆ. ಊಟದ ಹೊತ್ತಿನ ವ್ಯಾಪಾರ ಹಾಳು, ಭಾವನ ಮುಖವೂ ಊದಿಕೊಂಡಿತು.

ಈ ಊರಿಗೆ ಒಳ್ಳೆ ಹಾಲು ಸಿಗಲಿ ಅಂತಲೇ 1949ರಲ್ಲಿ ಗೋರೆಗಾಂವ್‌ನಲ್ಲಿ ಆರೆ ಕಾಲನಿ ಕಟ್ಟಿ ತಬೇಲಾಗಳನ್ನು, ಅಂದರೆ ಎಮ್ಮೆ ಕೊಟ್ಟಿಗೆಗಳನ್ನು, ಅಲ್ಲಿಗೆ ಸಾಗಿಸಿದರು. ಅಂದಿನ ಸರಕಾರಕ್ಕೆ ಹಾಲು ಬೇಕಿತ್ತು. ಇಂದು ನಮ್ಮ ನಾಕಾದ ಹಾಲಿನ ಬೂತ್‌ನಲ್ಲಿ ವೇಫರ್ಸ್ ನೇತಾಡುತ್ತಿವೆ, ಹಾಲು ಕೇಳಿದರೆ ‘ಖತಮ್’. ಪಾಲಿಕೆಯ ದವಾಖಾನೆಯ ತೂಕದ ಯಂತ್ರವೂ ಮಳೆಗಾಲದಿಂದ ಕೆಟ್ಟು ನಿಂತಿದೆ. ಅದರ ಮೇಲೆ ಫೈಲು ಒಟ್ಟಿದ್ದಾರೆ.

ಆ ಚೀಟಿ ಬರೆದವರು ಯಾರು ಅಂತ ಯಾರಾದರೂ ಹೇಳಬೇಕು, ಚೀಟಿಗಳನ್ನು ವಾಪಸ್ ತೆಗೆದುಕೊಳ್ಳಬೇಕು. ಇಲ್ಲವೇ ಮಕ್ಕಳ ಎತ್ತರ ಅಳೆದು ಇನ್ನೊಂದು ಸಲ ಸರಿಯಾಗಿ ಶಿಬಿರ ಮಾಡಲಿ. ಇಲ್ಲವೇ ಶಿಬಿರವನ್ನೇ ಮಾಡದಿರಲಿ, ಮಕ್ಕಳು ಅವರ ಪಾಡಿಗೆ ಇರಲಿ. ಗಟಾರಕ್ಕೆ ಮುಚ್ಚಳವನ್ನಂತೂ ಮೊದಲು ಹಾಕಲಿ. ಸಂಪಾದಕರೇ, ನೀವೂ ಮುಂದಿನ ಸಲ ‘ಯಶಸ್ವಿ’ ಅಂತ ಬರೆಯುವ ಮುಂಚೆ ಯಾರಾದರೂ ಒಬ್ಬ ಅಪ್ಪನನ್ನು ಕೇಳಿ. ನಮ್ಮ ಹೋಟೆಲಿಗೇ ಬನ್ನಿ, ಚಾ ಫ್ರೀ. ಶಾಲು ಹೊದ್ದವರು ಬಂದರೆ ದುಡ್ಡು ಕೊಟ್ಟೇ ಕುಡಿಯಬೇಕು.

ಇತಿ,
ಒಬ್ಬ ಹೋಟೆಲಿನವ, ಮುಂಬಯಿ