ರಿಲೀಸ್ ಅಂದ್ರೆ ಯಾವ ರಿಲೀಸು?

ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯ ಒಂದೇ ಪುಟದಲ್ಲಿ ‘ರಿಲೀಸ್’ ನಾಲ್ಕು ಸಲ ಕಂಡಿತು. ಸಿನಿಮಾ ರಿಲೀಸ್, ಅನುದಾನ ರಿಲೀಸ್, ಕೈದಿ ರಿಲೀಸ್, ನಾರಾಯಣಪುರ ಜಲಾಶಯದಿಂದ ಕೃಷ್ಣೆಗೆ ನೀರು ರಿಲೀಸ್. ನಾನು ಜೋರಾಗಿ ಓದುತ್ತಿದ್ದೆ, ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ, ‘ಎಲ್ಲಾರ್ನೂ ಒಂದೇ ಬಾಗಿಲಿಂದ ಬಿಡ್ತಾರೇನು?’ ಅಂದಳು.

ನಮ್ಮಲ್ಲಿ ಬೇರೆ ಬೇರೆ ಮಾತಿವೆ ಅಲ್ವಾ. ನೀರು ಬಿಡುತ್ತಾರೆ, ಸಿನಿಮಾ ತೆರೆಗೆ ಬರುತ್ತದೆ. ಜಾಮೀನು ಸಿಕ್ಕವನೂ ಹೊರಗೆ ಬರುತ್ತಾನೆ, ಖುಲಾಸೆ ಆದವನೂ ಬರುತ್ತಾನೆ, ಇಬ್ಬರಿಗೂ ಸುಮ್ನೆ ರಿಲೀಸ್ ಅಂದುಬಿಟ್ಟರೆ ಹೇಗೆ? (ಅನುದಾನದ ಮಾತು ಬೇಡ, ಅದು ಕೈಗೆ ಬಂದಾಗ ನೋಡೋಣ.)

ಹೋದ ವರ್ಷ ನಮ್ಮ ಅತ್ತೆ ‘ರಿಲೀಸ್ ಡೀಡ್’ಗೆ ಹೆಬ್ಬೆಟ್ಟು ಒತ್ತಿದರು. ಹೊಲ ತಮಗೆ ಬಿಡುಗಡೆ ಆಯ್ತು ಅಂದುಕೊಂಡು, ಬೆರಳಿನ ಶಾಯಿ ಸೆರಗಿಗೆ ಒರೆಸಿಕೊಳ್ಳುತ್ತಾ ನಗುನಗುತ್ತಾ ಹೊರಗೆ ಬಂದರು. ಅದು ತಮ್ಮ ಪಾಲಿನ ಹಕ್ಕನ್ನೇ ಬಿಟ್ಟುಕೊಡುವ ಕಾಗದ ಅಂತ ಗೊತ್ತಾಗಿದ್ದು ಊರಿಗೆ ಬಂದ ಮೇಲೆ.

ತಮಾಷೆ ನೋಡಿ, ಇಂಗ್ಲಿಷಿನ ರಿಲೀಸ್, ರಿಲ್ಯಾಕ್ಸ್, ಹೊಲ ಕೊಡುವ ಲೀಸ್ ಮೂರೂ ಒಂದೇ ಲ್ಯಾಟಿನ್ ಬೇರಿನವು, ಸಡಿಲ ಬಿಡು ಅನ್ನುವ ಅರ್ಥ. 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆಯಿಂದ ನಮಗಾದದ್ದೂ ಬಿಡುಗಡೆಯೇ, ಅದನ್ನು ಯಾರಾದರೂ ರಿಲೀಸ್ ಅಂತಾರಾ? ವಿಮೋಚನೆ ಅಂತೀವಿ.

ಸಿನಿಮಾಕ್ಕೆ ರಿಲೀಸ್ ಇರಲಿ ಬಿಡಿ. ಆಸ್ತಿ ಕಾಗದದ ಸುದ್ದಿಯಲ್ಲಾದರೂ ‘ಹಕ್ಕು ಬಿಟ್ಟುಕೊಡುವ ಪತ್ರ’ ಅಂತ ಬಿಡಿಸಿ ಬರೆಯಿರಿ.

– ಒಬ್ಬ ಓದುಗ, ಕಲಬುರಗಿ